ಮಡಿಕೆಯೊಳಗಿನ ಬಣ್ಣ

ಅಫಜಲಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದ ಓಣಿಯೊಂದರಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್. ಸೀರೆಗೆ ಒಪ್ಪುವ ಜಂಪರ್ ಬಟ್ಟೆ, ಅಸ್ತರು, ಫಾಲ್ ಮಾರುವ ಅಂಗಡಿ. ಟ್ಯೂಬ್‌ಲೈಟಿನ ಕೆಳಗೆ ನಾನು ಯಾರಿಗೂ ಬಟ್ಟೆ ಹರಿದು ಕೊಡುವುದಿಲ್ಲ. ಸೀರೆಯ ಸೆರಗು ಮತ್ತು ಜಂಪರಿನ ಬಟ್ಟೆ ಎರಡನ್ನೂ ಹೊಸ್ತಿಲಾಚೆ ಬಿಸಿಲಿಗೆ ಒಯ್ದು, ಒಂದರ ಮೇಲೊಂದು ಇಟ್ಟು ನೋಡಿದ ಮೇಲೆಯೇ ಕತ್ತರಿ ಆಡಿಸುತ್ತೇನೆ. ಬಸ್ಸಿಗೆ ಹೊತ್ತಾಯಿತು ಎಂದು ಅವಸರ ಮಾಡುವ ಗಿರಾಕಿಗಳನ್ನು ಬೈಯುತ್ತೇನೆ. ಬೈಸಿಕೊಂಡವರೇ ಮುಂದಿನ ಹಬ್ಬಕ್ಕೆ ಮತ್ತೆ ಬರುತ್ತಾರೆ, ಜೊತೆಗೆ ಅಕ್ಕತಂಗಿಯರನ್ನೂ ಕರೆತರುತ್ತಾರೆ. ಹಾಗಾಗಿ ನನ್ನ ಬಾಯಿ ತಿದ್ದಿಕೊಳ್ಳಲು ಈವರೆಗೆ ಕಾರಣ ಸಿಕ್ಕಿಲ್ಲ.

ಅಂಗಡಿಯ ಒಳಗೆ, ಫಾಲ್ ಹಚ್ಚುವ ಯಂತ್ರದ ಮುಂದೆ ನನ್ನ ತಮ್ಮ ಕೂರುತ್ತಾನೆ. ಅವನಿಗೆ ಕಿವಿ ಕೇಳುವುದಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಕೇಳುವುದಿಲ್ಲ, ಆದ್ದರಿಂದ ಮಾತೂ ಬರಲಿಲ್ಲ. ನಾವಿಬ್ಬರು ಕೈಸನ್ನೆಯಲ್ಲಿ ಮಾತಾಡುತ್ತೇವೆ. ಆ ಸನ್ನೆಗಳನ್ನು ಯಾವ ಶಾಲೆಯೂ ಕಲಿಸಿದ್ದಲ್ಲ, ಅರ್ಧ ಮನೆಯಲ್ಲಿ ಹುಟ್ಟಿದವು, ಇನ್ನರ್ಧ ಅಂಗಡಿಯಲ್ಲಿ. ಗಿರಾಕಿ ಸುಮ್ಮನೆ ಬೆಲೆ ಕೇಳಲು ಬಂದವಳು ಎನ್ನಲು ಅವನಿಗೊಂದು ಸನ್ನೆಯಿದೆ. ಅಕ್ಕನಿಗೆ ಸಿಟ್ಟು ಬಂದಿದೆ, ದೂರ ಇರಿ ಎನ್ನಲು ಇನ್ನೊಂದು. ಅದನ್ನು ನನ್ನ ಬೆನ್ನ ಹಿಂದೆಯೇ ಮಾಡುತ್ತಾನೆ, ಗಿರಾಕಿಗಳ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ.

ಹೆಬ್ಬೆರಳುಗಳನ್ನು ಜೋಡಿಸಿ ಅಗಲಿಸುವುದು ಮತ್ತೊಂದು ಸನ್ನೆ. "ಮಡಿಕೆ ಬಿಚ್ಚಿ ನೋಡು" ಎಂದು ಅರ್ಥ. ಕಪಾಟಿನ ಗಾಜಿನ ಹಿಂದೆ ಮಡಚಿಟ್ಟ ಬಟ್ಟೆಗೆ ಸಂಜೆಯ ಬಿಸಿಲು ಬೀಳುತ್ತದೆ. ಕೆಲವು ತಿಂಗಳಲ್ಲಿ ಹೊರಗಿನ ಭಾಗ ಬಿಳಚಿಕೊಳ್ಳುತ್ತದೆ. ಹೊರಗಿನದನ್ನು ನೋಡಿ ಇದು ತಿಳಿ ಹಳದಿ ಎಂದುಕೊಂಡು ಮಾರಿದರೆ ಕೆಲಸ ಕೆಡುತ್ತದೆ. ಮಡಿಕೆ ಬಿಚ್ಚಿದಾಗ ಒಳಗೆ ಗಟ್ಟಿ ಹಳದಿ ಹಾಗೇ ಕೂತಿರುತ್ತದೆ. ನಿಜವಾದ ಬಣ್ಣ ಬೆಳಕು ತಾಗದ ಕಡೆ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ಅಂಗಡಿ ಕಲಿಸಿದ ಪಾಠ.

ತಮ್ಮನ ಮದುವೆ ತಡವಾಗಿ ಆಯಿತು. ಹೆಂಡತಿ ಆಳಂದ ತಾಲೂಕಿನ ಹಿರೋಳ್ಳಿಯವಳು, ಕಿವಿ ಬಾಯಿ ಎಲ್ಲ ಸರಿ ಇದ್ದವಳು. ನೋಡಲು ಹೋದ ದಿನ ಇವನ ಕೈ ನೋಡುತ್ತ ನೋಡುತ್ತ ನಕ್ಕಳು, ಒಪ್ಪಿದಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಆಳಂದದ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕೂಸು ತಾಯಿ ಇಬ್ಬರೂ ಹಿರೋಳ್ಳಿಗೆ ಬಂದರು ಎಂದು ಫೋನು ಬಂದಾಗ ನಾನು ಅಂಗಡಿಗೆ ಬೀಗ ಹಾಕಿದೆ.

ನಮ್ಮ ಕಡೆ ಕೂಸು ಹುಟ್ಟಿದ ಐದನೇ ದಿನ ಸಂಜೆ ಸಟವಿಯ ಪೂಜೆ. ಸಟವಿ ಎಂಬ ದೇವಿ ಅಂದು ಬಂದು ಕೂಸಿನ ಹಣೆಯ ಮೇಲೆ ಅದರ ಬಾಳನ್ನು ಬರೆದು ಹೋಗುತ್ತಾಳಂತೆ. ಪೂಜೆಗೆ ಹಚ್ಚಿದ ದೀಪವನ್ನು ಕೂಸಿನ ಕಣ್ಣಿಗೆ ಬೀಳದಂತೆ ಮೊರ ಅಡ್ಡ ಹಿಡಿದು ಮರೆ ಮಾಡುತ್ತಾರೆ. ಕೂಸಿಗೆ ಕುಂಚಿಗೆ ಹಾಕುವವಳು ಸೋದರತ್ತೆ, ಅಂದರೆ ನಾನು. ಕುಂಚಿಗೆ ಎಂದರೆ ತಲೆಯಿಂದ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ. ನಾನು ಮೊದಲೇ ಕೆಂಪು ಖಣದ ಬಟ್ಟೆಯಲ್ಲಿ ಹೊಲಿದಿಟ್ಟಿದ್ದೆ, ತಮ್ಮ ಅದರ ಅಂಚಿಗೆ ಯಂತ್ರದಲ್ಲಿ ಬಳ್ಳಿ ಬಿಡಿಸಿದ್ದ. ಅವ್ವ ಗಾಣಗಾಪುರದ ವಿಭೂತಿ ಗಂಟು ಕಟ್ಟಿಕೊಂಡಳು. ಪೂಜೆಯ ಹಿಂದಿನ ದಿನವೇ ಮೂವರೂ ಹಿರೋಳ್ಳಿ ಮುಟ್ಟಿದೆವು.

ಬಾಣಂತಿಯ ಕೋಣೆಯ ಕಿಟಕಿಗೆ ಕೌದಿ ತುರುಕಿದ್ದರು. ಬಾಗಿಲಿಗೆ ಪರದೆ. ಒಳಗೆ ಕೆಂಡದ ಶೆಗಡಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಕೂಸು ಎಲ್ಲಿದೆ ಎಂದು ಕಾಣಲು ನನ್ನ ಕಣ್ಣಿಗೆ ಸ್ವಲ್ಪ ಹೊತ್ತು ಬೇಕಾಯಿತು. ಎಣ್ಣೆ ಅರಿಶಿನ ಹಚ್ಚಿ, ಹಣೆಗೆ ರೂಪಾಯಿಯಗಲದ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟು, ಗಟ್ಟಿಯಾಗಿ ಸುತ್ತಿ ಮಲಗಿಸಿದ್ದರು.

"ಭಾಳ ಶಾಣ್ಯಾ ಕೂಸು ಅದ ನೋಡ್ರಿ. ಅಳಂಗೇ ಇಲ್ಲ, ಬರೇ ನಿದ್ದಿ," ಎಂದರು ಬಾಣಂತಿಯ ತಾಯಿ, ನಮ್ಮ ಬೀಗತಿ, ಹೆಮ್ಮೆಯಿಂದ.

ತಮ್ಮನ ಹೆಂಡತಿ ನನ್ನ ಕಡೆ ನೋಡಿ ಮೆಲ್ಲಗೆ, "ಎಬ್ಬಿಸಿದ್ರೂ ಹಾಲು ಕುಡಿವಲ್ದು ರೀ ಅಕ್ಕಾರ," ಎಂದಳು.

ನಾನು ಕುಂಚಿಗೆ ಹಾಕಿದೆ. ಕೆಂಪು ಒಪ್ಪುತ್ತದೋ ಇಲ್ಲವೋ ಆ ಕತ್ತಲಲ್ಲಿ ಹೇಗೆ ಗೊತ್ತಾಗಬೇಕು? ಕೈಗೆ ಹತ್ತಿದ ಚಾಳಿ, ಕೂಸನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದೆ. ಹಿಂದಿನಿಂದ ಬೀಗತಿ, "ಅಯ್ಯ, ಗಾಳಿ ಹತ್ತತದ, ದೃಷ್ಟಿ ಆಗ್ತದ, ಒಳಗ ಬರ್ರಿ" ಎಂದು ಕೂಗುತ್ತಿದ್ದರು. ಹೊಸ್ತಿಲ ಮೇಲೆ ಬೆಳಕು ಬಿತ್ತು. ಕೆಂಪು ಕುಂಚಿಗೆಯ ನಡುವೆ ಮುಖ ಹಳದಿ.

"ಅರಶಿಣ ರೀ ಅದು, ಮುಂಜಾನಿನೇ ಹಚ್ಚೇನಿ," ಎಂದರು ಬೀಗತಿ.

ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಕೆನ್ನೆ ಒರೆಸಿದೆ. ಸೆರಗು ಹಳದಿಯಾಯಿತು. ಕೆನ್ನೆಯ ಹಳದಿ ಹೋಗಲಿಲ್ಲ. ಮತ್ತೆ ಒರೆಸಿದೆ, ಈ ಸಲ ಸೆರಗಿಗೆ ಏನೂ ಹತ್ತಲಿಲ್ಲ. ರೆಪ್ಪೆ ಸರಿಸಿ ನೋಡಿದರೆ ಕಣ್ಣಿನ ಬಿಳಿಭಾಗವೂ ಹಳದಿ. ಕಣ್ಣೊಳಗೆ ಅರಿಶಿನ ಹಚ್ಚುವ ಪದ್ಧತಿ ಯಾವ ಊರಲ್ಲೂ ಇಲ್ಲ.

"ಕಾಮಣಿ ಆಗ್ಯಾದ ಕೂಸಿಗಿ. ಗಾಡಿ ಕರೀರಿ," ಎಂದೆ.

ನಾಳೆ ಪೂಜೆ ಇರುವಾಗ ಬಾಣಂತಿ ಹೊಸ್ತಿಲು ದಾಟುವುದು ಹೇಗೆ ಎಂದು ಮಾತು ಶುರುವಾಯಿತು. ನಾನು ತಮ್ಮನಿಗೆ ಗಾಡಿ ತಾ ಎಂದು ಸನ್ನೆ ಮಾಡಿದೆ. ತಮ್ಮ ಹೋಗಿ ಒಂದು ಟಂಟಂ ಆಟೊ ನಿಲ್ಲಿಸಿದ, ಬಾಣಂತಿಯನ್ನು ಕೈಹಿಡಿದು ಹತ್ತಿಸಿದ. ಬೀಗತಿ ಬೈಯುತ್ತಲೇ ಹತ್ತಿದರು.

ಆಳಂದದಲ್ಲಿ ಮಕ್ಕಳ ಡಾಕ್ಟರ್ ಒಬ್ಬ ಹೆಣ್ಣುಮಗಳು. ಸಿಸ್ಟರ್ ಒಂದು ಸಣ್ಣ ಯಂತ್ರ ತಂದರು, ದೊಡ್ಡ ಅಂಗಡಿಗಳಲ್ಲಿ ಸಾಮಾನಿನ ಬೆಲೆಚೀಟಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಅದರ ಮೂತಿಯನ್ನು ಚರ್ಮಕ್ಕೆ ಒತ್ತಿದರೆ ಚಕ್ಕನೆ ಬೆಳಕು ಹೊಮ್ಮುತ್ತದೆ. ಚರ್ಮದೊಳಗೆ ಹೋಗಿ ಮರಳಿದ ಬೆಳಕನ್ನು ಅದೇ ಯಂತ್ರ ಅಳೆದು ಹಳದಿ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ನನಗೆ ಆ ಹೊತ್ತಿನಲ್ಲೂ ಅಂಥದ್ದೊಂದು ಅಂಗಡಿಯಲ್ಲಿದ್ದರೆ ಎಷ್ಟು ಚೆಂದ ಎನಿಸಿತು. ಗಿರಾಕಿಗಳ ಜೊತೆ ವಾದವೇ ಇರುತ್ತಿರಲಿಲ್ಲ.

ಸಿಸ್ಟರ್ ಹಣೆಗೆ ಒತ್ತಲು ಹೋದರು. ಅಲ್ಲಿ ದೃಷ್ಟಿಬೊಟ್ಟು.

"ಇದನ್ನ ಒರಸ್ರಿ," ಎಂದರು.

"ಅದನ್ನೊಂದು ಬಿಡ್ರಿ ಯವ್ವಾ, ಮಂದಿ ಕಣ್ಣು ಛಲೋ ಇರಂಗಿಲ್ಲ. ಎದಿಗಿ ಹಿಡೀರಿ," ಎಂದಳು ಅವ್ವ.

ಎದೆ ಬಿಚ್ಚಿದರೆ ಅಲ್ಲಿ ಎಣ್ಣೆ ಅರಿಶಿನದ ಪದರ. ಸಿಸ್ಟರ್ ನಗಲಿಲ್ಲ, ಬೈಯಲೂ ಇಲ್ಲ. ದಿನಾ ಇದೇ ಕೆಲಸ ಇರಬೇಕು. "ಮ್ಯಾಲ ಕಪ್ಪು, ಕೆಳಗ ಹಳದಿ. ಬೆಳಕಿಗಿ ಬರೇ ತೊಗಲು ಬೇಕು ನೋಡ್ರಿ ಅಮ್ಮಾ. ಕಾಡಗಿ ಇದ್ರ ಬೆಳಕನ್ನ ಅದೇ ನುಂಗ್ತದ, ಅರಶಿಣ ಇದ್ರ ಅರಶಿಣಾನೂ ಲೆಕ್ಕಕ್ಕ ಬರ್ತದ," ಎಂದು ಹತ್ತಿ ಬಿಸಿನೀರು ತಂದು ಎರಡನ್ನೂ ತೊಳೆದರು. ಅವ್ವ ಮುಖ ಆಚೆ ತಿರುಗಿಸಿ ನಿಂತಳು.

ಯಂತ್ರ ತೋರಿಸಿದ ಅಂಕಿ ನೋಡಿ ಡಾಕ್ಟರ್ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಆಮೇಲೆ ನಮ್ಮನ್ನು ಕೂರಿಸಿ ಹೇಳಿದರು: "ಹಳದಿ ಭಾಳ ಏರ್ಯಾದ. ನೀಲಿ ಬೆಳಕಿನ ಕೆಳಗ ಇಡ್ತೇನಿ. ಆ ಬೆಳಕು ತೊಗಲಿನ್ಯಾಗಿನ ಹಳದಿ ಮುರೀತದ, ಅದು ಉಚ್ಚಿ ಸಂಡಾಸದಾಗ ಹೊರಗ ಹೋಗ್ತದ. ಇಳೀಲಿಲ್ಲಂದ್ರ ಕಲಬುರಗಿಗಿ ಒಯ್ದು ರಕ್ತ ಬದಲಿ ಮಾಡಬೇಕಾಗ್ತದ. ಹಂಗೇ ಬಿಟ್ರ ಈ ಹಳದಿ ತಲಿಗಿ ಏರ್ತದ. ಕಿವಿ ಹೋಗೋದು ಮೊದಲು."

ಕಿವಿ ಎಂದ ಕೂಡಲೇ ನಾವೆಲ್ಲ ಒಂದೇ ಕಡೆ ನೋಡಿದೆವು. ಬಾಗಿಲ ಹತ್ತಿರ ನಿಂತಿದ್ದ ತಮ್ಮ ನಮ್ಮ ಮುಖಗಳನ್ನೇ ಓದುತ್ತಿದ್ದ. ಏನು ಎಂದು ಕೈಯಲ್ಲಿ ಕೇಳಿದ.

ಅವ್ವ ಕುರ್ಚಿಯ ತುದಿಗೆ ಕೂತಿದ್ದಳು. ಯಾರೂ ಕೇಳದೆ ತಾನೇ ಮಾತು ತೆಗೆದಳು. "ಇಂವನೂ ಹಿಂಗೇ ಇದ್ದ ರೀ ಡಾಕ್ಟರಬಾಯಿ. ಅಳ್ತಿದ್ದಿಲ್ಲ, ಕುಡೀತಿದ್ದಿಲ್ಲ. ಬಂಗಾರದಂಥ ಕೂಸು ಹಡದೀ ಅಂತ ನೋಡಾಕ ಬಂದವ್ರೆಲ್ಲ ಅಂದ್ರು. ಕತ್ತಲಿ ಕ್ವಾಣಿ ಇತ್ತು. ನಾನೂ ಬಂಗಾರ ಅಂದ್ಕೊಂಡೆ. ಆಮ್ಯಾಲ ಕಿವಿ ಕೇಳಂಗಿಲ್ಲ ಅಂದಾಗ, ಸಟವಿ ಹಂಗ ಬರದಾಳ ಅಂತ ಸುಮ್ಮ ಕುಂತೆ."

ಡಾಕ್ಟರ್ ಅವ್ವನ ಕೈ ಹಿಡಿದರು. "ಅದೇ ಕಾರಣ ಇರಬಹುದು, ಇರಲಿಕ್ಕೂ ಇಲ್ಲ. ಇಷ್ಟು ವರ್ಷದ ಮ್ಯಾಲ ಯಾರೂ ಹೇಳಾಕ ಬರಂಗಿಲ್ಲ. ಆಗ ನಮ್ಮ ಕಡೆ ಈ ಬೆಳಕು ಇದ್ದಿಲ್ಲ ಅಮ್ಮಾ."

ನನಗೆ ಅವ್ವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂಗಾರದಂಥ ಕೂಸು ಎಂದು ಹೊಗಳಿ, ಚಹಾ ಕುಡಿದು ಹೋದವರ ಮೇಲೆ ಬಂತು. ಅವರಲ್ಲಿ ಬಹಳ ಮಂದಿ ಈಗ ಬದುಕಿಲ್ಲ. ಸಿಟ್ಟು ಮಾತ್ರ ಹೊಸದಾಗಿತ್ತು.

ತಮ್ಮನಿಗೆ ನಾನೇ ಹೇಳಿದೆ. ಕೂಸನ್ನು ತೋರಿಸಿದೆ, ಹಳದಿ ಎಂದೆ, ಕಿವಿ ಮುಟ್ಟಿಕೊಂಡು ಕೈ ಅಡ್ಡ ಆಡಿಸಿದೆ. ಅವನ ಬಾಲ್ಯದ ಮಾತನ್ನು ಹೇಳಲಿಲ್ಲ. ಅವನು ತನ್ನ ಕಿವಿ ಮುಟ್ಟಿ, ಕೂಸಿನ ಕಡೆ ಬೆರಳು ಮಾಡಿ, ನನ್ನ ಹಾಗಾ ಎಂದು ಕೇಳಿದ. ಇನ್ನೂ ಆಗಿಲ್ಲ ಎಂದೆ. ಅವನು ಹೋಗಿ ಕೂಸನ್ನಿಟ್ಟ ಕೋಣೆಯ ಗಾಜಿನ ಹೊರಗೆ ನಿಂತ. ಊಟಕ್ಕೆ ಕರೆದರೂ ಬರಲಿಲ್ಲ.

ಬೆಳಕಿನ ಪೆಟ್ಟಿಗೆಯೊಳಗೆ ಕೂಸು ಬರಿ ಮೈಯಲ್ಲಿ ಮಲಗಿತ್ತು. ಸೊಂಟಕ್ಕೆ ಸಣ್ಣ ಬಟ್ಟೆ, ಕಣ್ಣಿಗೆ ಬಿಳಿ ಪಟ್ಟಿ. ಕಣ್ಣಿಗೆ ಆ ಬೆಳಕು ಒಳ್ಳೆಯದಲ್ಲವಂತೆ, ಅದಕ್ಕೆ ಕಟ್ಟುತ್ತಾರೆ. ಮೇಲಿನಿಂದ ನೀಲಿ ಬೆಳಕು ಸುರಿಯುತ್ತಿತ್ತು. ಹಾಲು ಕುಡಿಸಲು ಮಾತ್ರ ಹೊರಗೆ ತೆಗೆಯುತ್ತಿದ್ದರು. ಬೀಗತಿಗೆ ಸಂಕಟ. ಸುತ್ತಿ ಸುತ್ತಿ ಇಡಬೇಕಾದ ಹಸಿಗೂಸನ್ನು ಹೀಗೆ ಬತ್ತಲೆ ಮಲಗಿಸುವುದೆಂದರೇನು! ಹಾಲು ಕುಡಿಸಿ ಮರಳಿ ಒಳಗಿಡುವಾಗ ಬೀಗತಿ ಸಿಸ್ಟರ್ ಕಣ್ಣು ತಪ್ಪಿಸಿ ನನ್ನ ಕೆಂಪು ಕುಂಚಿಗೆಯನ್ನೇ ಹೊದಿಸಿಬಿಟ್ಟರು. ಸಿಸ್ಟರ್ ಬಂದು ತೆಗೆದರು. ಬೀಗತಿ ಮತ್ತೊಮ್ಮೆ ಹೊದಿಸಿದರು, ಸಿಸ್ಟರ್ ಮತ್ತೆ ತೆಗೆದರು. ಕೊನೆಗೆ ನಾನು ಕುಂಚಿಗೆಯನ್ನು ಮಡಚಿ ನನ್ನ ಚೀಲದೊಳಗೆ ಇಟ್ಟುಕೊಂಡೆ.

"ಥಂಡಿ ಆಗ್ತದ ರೀ ಕೂಸಿಗಿ," ಎಂದರು ಬೀಗತಿ.

"ಈ ಕೆಂಪು ಖಣದಾಗ ಬೆಳಕು ತೂರಂಗಿಲ್ಲ ರೀ ಯಕ್ಕಾ. ನಾನೇ ಆರಿಸಿ ತಂದ ಗಟ್ಟಿ ಅರಿವಿ ಅದು," ಎಂದೆ. ನನ್ನ ಮಾಲಿನ ಬಗ್ಗೆ ನಾನೇ ಹೊಗಳಿಕೊಂಡದ್ದಕ್ಕೆ ಅವರಿಗೆ ಸಣ್ಣಗೆ ನಗು ಬಂತು. ಆಮೇಲೆ ಹೊದಿಸಲು ಹೋಗಲಿಲ್ಲ.

ಮರುದಿನ ಮಧ್ಯಾಹ್ನ ನೋಡಿದರೆ ಕೂಸು ಬೆಳ್ಳಗಾಗಿತ್ತು. ಕೈಕಾಲು, ಎದೆ, ಕೆನ್ನೆ ಎಲ್ಲ ಹಾಲಿನ ಹಾಗೆ. ಸುದ್ದಿ ಕೇಳಿ ಬಂದು ಹೊರಗೆ ನೆರೆದಿದ್ದ ಬಂಧುಗಳ ಮುಖ ಅರಳಿತು. ನಾನೂ ಉಸಿರು ಬಿಟ್ಟೆ. ಬೀಗತಿ ಆಗಲೇ ಟಂಟಂನವನಿಗೆ ಫೋನು ಹಚ್ಚಿದ್ದರು. "ಆರಾಮ ಆಗ್ಯಾದಲ್ರಿ, ಮುಂಜಾನಿಂದ ಹಾಲೂ ಕುಡದದ. ಸಂಜಿಕ ಸಟವಿ ಪೂಜಿ ಅದ. ಆಕಿ ಮನಿಗಿ ಬಂದು ಕೂಸು ಇಲ್ದಂಗ ಹೊಳ್ಳಿ ಹ್ವಾದ್ರ ಹೆಂಗ? ಒಯ್ತೇವಿ, ಬೇಕಂದ್ರ ನಾಳಿ ಕರಕೊಂಡು ಬರ್ತೇವಿ."

ಬಾಣಂತಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹಾಲು ಕುಡಿಸುವ ಹೊತ್ತಾಯಿತು. ಸಿಸ್ಟರ್ ಕೂಸನ್ನು ಹೊರಗೆ ತೆಗೆದು, ಬೆಳಕು ಆರಿಸಿ, ಕಣ್ಣಿನ ಪಟ್ಟಿ ಬಿಚ್ಚಿದರು.

ಪಟ್ಟಿ ಇದ್ದಷ್ಟು ಅಗಲ, ಒಂದು ಕಿವಿಯ ಹತ್ತಿರದಿಂದ ಇನ್ನೊಂದು ಕಿವಿಯವರೆಗೆ, ಹಳದಿ. ಗಟ್ಟಿ ಹಳದಿ. ಸುತ್ತಲಿನ ಬಿಳಿಯ ನಡುವೆ ಗೆರೆ ಕೊರೆದ ಹಾಗೆ ಕಾಣುತ್ತಿತ್ತು.

ಗಾಜಿನ ಆಚೆ ತಮ್ಮ ಬೆರಳಿನಿಂದ ಟಕಟಕ ಬಡಿದ. ನೋಡಿದೆ. ಎರಡೂ ಹೆಬ್ಬೆರಳು ಜೋಡಿಸಿ ಅಗಲಿಸಿದ. ಮಡಿಕೆ ಬಿಚ್ಚಿ ನೋಡು.

ಕೂಸು ಬೆಳ್ಳಗಾಗಿಲ್ಲ, ಬೆಳಕು ಬಿದ್ದ ಕಡೆ ಬಿಳಚಿದೆ ಅಷ್ಟೇ. ಒಳಗಿನ ಬಣ್ಣ ಇನ್ನೂ ಇಳಿದಿಲ್ಲ. ಬೀಗತಿಯ ಕೈಯಿಂದ ಫೋನು ತೆಗೆದುಕೊಂಡು, "ಟಂಟಂ ಬ್ಯಾಡಪಾ" ಎಂದು ಆಫ್ ಮಾಡಿದೆ. ಬಾಗಿಲಿಗೆ ಅಡ್ಡ ನಿಂತೆ. ನಮ್ಮ ಅಂಗಡಿಯ ಕಪಾಟಿನ ಕಥೆಯನ್ನೆಲ್ಲ, ಬಿಸಿಲಿಗೆ ಬಣ್ಣ ಹೋದ ಥಾನು, ಅದರ ಒಳಮಡಿಕೆ, ಎಲ್ಲವನ್ನೂ ಸೇರಿದ ಬಂಧುಗಳಿಗೆ ಏರುದನಿಯಲ್ಲಿ ಹೇಳಿದೆ. ಯಾರಿಗೂ ಅರ್ಥವಾಗದಿದ್ದರೂ ಹೆದರಿಕೆಯಂತೂ ಆಯಿತು.

ಗದ್ದಲ ಕೇಳಿ ಬಂದ ಡಾಕ್ಟರ್ ಪಟ್ಟಿಯ ಕೆಳಗಿನ ಚರ್ಮಕ್ಕೇ ಬೆಳಕಿನ ಯಂತ್ರ ಒತ್ತಿದರು. "ಖರೇ ಅಳತಿ ಇಲ್ಲೇ ಸಿಗ್ತದ. ಬೆಳಕು ಬಿದ್ದ ತೊಗಲಿನ ಮ್ಯಾಲ ಯಂತ್ರಾನೂ ಮೋಸ ಹೋಗ್ತದ, ನಾವೂ ಹೋಗ್ತೇವಿ," ಎಂದರು. ನಿನ್ನೆಗಿಂತ ಸ್ವಲ್ಪ ಇಳಿದಿತ್ತು, ಸಾಲುವಷ್ಟು ಇಳಿದಿರಲಿಲ್ಲ. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಈಗ ತೆಗೆದರೆ ಮತ್ತೆ ಏರುತ್ತದೆ, ಬೆಳಕಿನ ಕೆಳಗೇ ಇರಬೇಕು ಎಂದರು.

"ಮತ್ತ ಸಟವಿ?" ಎಂದರು ಬೀಗತಿ. ಅವರ ಕಣ್ಣಲ್ಲಿ ನೀರಿತ್ತು. ಅವರದು ಹಟವಲ್ಲ, ಹೆದರಿಕೆ. ನನಗೆ ಅದು ಆಗ ಕಂಡಿತು, ದನಿ ಇಳಿಸಿದೆ.

ಉತ್ತರ ಕೊಟ್ಟವಳು ಅವ್ವ. ಕುರ್ಚಿಯಿಂದ ಎದ್ದು ಬಂದು ಗಾಜಿನೊಳಗೆ ನೋಡಿದಳು. ಸಿಸ್ಟರ್ ಮತ್ತೆ ಪಟ್ಟಿ ಕಟ್ಟಿ, ಬೆಳಕು ಹಚ್ಚಿದ್ದರು.

"ದೀಪ ಕೂಸಿನ ಕಣ್ಣಿಗಿ ಬೀಳಬಾರದು, ಹೌದಿಲ್ಲೋ? ಕಣ್ಣು ಕಟ್ಯಾರ. ಹಣಿ ಬರೇ ಅದ, ಕಾಡಗಿ ಸುದ್ದಾ ಇಲ್ಲ. ನನ್ನ ಮಗನ ಕಾಲಕ್ಕ ಆಕಿ ಕತ್ತಲ್ಯಾಗ ಬರದು ಹ್ವಾದಳು. ಇಷ್ಟು ಬೆಳಕಿನ್ಯಾಗ ಬರಿಯಾಕ ಆಕಿಗಿ ಛಲೋ ಕಾಣ್ತದ, ಬಿಡ್ರಿ. ಇಲ್ಲೇ ಬರ್ಲಿ."

ಸಂಜೆ ಬೀಗತಿ ಒಬ್ಬರೇ ಹಿರೋಳ್ಳಿಗೆ ಹೋಗಿ, ಮನೆಯಲ್ಲಿ ಕೂಸಿನ ಜಾಗದಲ್ಲಿ ಕುಂಚಿಗೆ ಇಟ್ಟು ಪೂಜೆ ಮಾಡಿದರು. ಕುಂಚಿಗೆಯನ್ನು ನಾನೇ ಚೀಲದಿಂದ ತೆಗೆದು ಕೊಟ್ಟಿದ್ದೆ. ನಾವು ಆಳಂದದಲ್ಲಿ ಆ ನೀಲಿ ಬೆಳಕಿನ ಮುಂದೆ ಕೂತಿದ್ದೆವು. ಅವ್ವ ಆಗಾಗ ಎದ್ದು ಹಣೆ ನೋಡಿ ಬರುತ್ತಿದ್ದಳು, ಅಲ್ಲಿ ಅಕ್ಷರ ಮೂಡುತ್ತವೆ ಎಂಬಂತೆ.

ಕಲಬುರಗಿಗೆ ಹೋಗುವ ಪ್ರಸಂಗ ಬರಲಿಲ್ಲ. ಪಟ್ಟಿಯ ಕೆಳಗಿನ ಹಳದಿ ನಿಧಾನಕ್ಕೆ ಇಳಿಯಿತು. ಕೂಸು ಅಳತೊಡಗಿತು, ಅದೂ ದವಾಖಾನೆಯನ್ನೇ ಎಬ್ಬಿಸುವ ಅಳು. ಸೋದರತ್ತೆಯ ಬಾಯಿ ಬಂದಿದೆ ಎಂದು ತಮ್ಮನ ಹೆಂಡತಿ ನಕ್ಕಳು. ಮನೆಗೆ ಕಳಿಸುವಾಗ ಡಾಕ್ಟರ್, "ಕಿವಿ ಪರೀಕ್ಷಾ ಒಮ್ಮೆ ಮಾಡಸ್ರಿ. ತಿಂಗಳಾದ ಮ್ಯಾಲ ಕಲಬುರಗಿಗಿ ಬರ್ರಿ, ಅಲ್ಲಿ ಯಂತ್ರ ಅದ. ಅಲ್ಲೀತನಕ ಏನೂ ಹೇಳಾಕ ಬರಂಗಿಲ್ಲ," ಎಂದರು.

ತೊಟ್ಟಿಲ ಶಾಸ್ತ್ರ ಅದಕ್ಕಿಂತ ಮೊದಲೇ ಬಂತು. ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಕೂಗಿ ಹೆಸರು ಹೇಳುವವಳೂ ಸೋದರತ್ತೆಯೇ. ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದು ಹಾಕುತ್ತಾರೆ, ಅದು ತಮಾಷೆ. ನನ್ನ ತಮ್ಮನ ಕಿವಿಯಲ್ಲೂ ನಮ್ಮ ಸೋದರತ್ತೆ ಹೀಗೇ ಹೆಸರು ಹೇಳಿದ್ದಳಂತೆ. ಆ ಹೆಸರನ್ನು ಅವನು ಇವತ್ತಿನವರೆಗೆ ಕೇಳಿಲ್ಲ. ನನಗೆ ಆ ಮಾತು ತಲೆಯಿಂದ ಹೋಗಲೊಲ್ಲದು. ಹಿಂದಿನ ದಿನವೇ ಅವ್ವನಿಗೆ, "ನನ್ನ ಕೈಲೆ ಆಗಂಗಿಲ್ಲ, ಬ್ಯಾರೆ ಯಾರರ ಹೇಳ್ಲಿ" ಎಂದೆ.

"ಬಾಗಿಲಿಗಿ ಅಡ್ಡ ನಿಂತಾಕಿ ನೀನು. ಈಗ ಹೆದರಿದ್ರ ಹೆಂಗ ಬೇ?" ಎಂದಳು ಅವ್ವ.

ಹಿರೋಳ್ಳಿಯ ಅಂಗಳದಲ್ಲಿ ತೊಟ್ಟಿಲು ಕಟ್ಟಿದ್ದರು. ಈ ಸಲ ಒಳಗಿನ ಕೋಣೆಯಲ್ಲಿ ಅಲ್ಲ, ಬೀಗತಿಯೇ ಹೊರಗೆ ಕಟ್ಟಿಸಿದ್ದರು. ಬೆಳಗಿನ ಬಿಸಿಲು ಗೋಡೆಯ ಮೇಲಿತ್ತು. ಕೂಸಿಗೆ ಕೆಂಪು ಕುಂಚಿಗೆ. ಒಪ್ಪುತ್ತಿತ್ತು. ಹಣೆಯ ದೃಷ್ಟಿಬೊಟ್ಟೂ ಮರಳಿ ಬಂದಿತ್ತು, ಅವ್ವ ಈಗ ಎರಡರಷ್ಟು ದೊಡ್ಡದಾಗಿ ಇಟ್ಟಿದ್ದಳು. ಕೂಸಿನ ಕಣ್ಣು ಅರೆಮುಚ್ಚಿತ್ತು. ತಮ್ಮ ತೊಟ್ಟಿಲಿನ ಆಚೆ ಬದಿಗೆ ನಿಂತ. ಅವನ ಕಣ್ಣು ನನ್ನ ಬಾಯಿಯ ಮೇಲಿರಲಿಲ್ಲ, ಕೂಸಿನ ಕೈಗಳ ಮೇಲಿತ್ತು.

ನಾನು ಬಗ್ಗಿದೆ. ಹೆಂಗಸರು ಕಾದಿದ್ದವರಂತೆ ಬೆನ್ನಿಗೆ ಗುದ್ದತೊಡಗಿದರು. ಕುಂಚಿಗೆಯ ಅಂಚು ಸರಿಸಿ ಕಿವಿಯ ಹತ್ತಿರ ಬಾಯಿ ಇಟ್ಟು "ಕುರ್ರ್" ಎಂದೆ.

ಕೂಸಿನ ಎರಡೂ ಕೈ ಒಮ್ಮೆಲೇ ಅಗಲಿದವು. ಕಣ್ಣು ತೆರೆಯಿತು. ಗದರಿಸಿದ್ದು ಯಾರು ಎಂಬಂತೆ ತುಟಿ ಸೊಟ್ಟ ಮಾಡಿ ಅತ್ತಿತು. ಕಲಬುರಗಿಯ ಯಂತ್ರವೂ ಆಮೇಲೆ ಅದನ್ನೇ ಹೇಳಿತು. ಆದರೆ ನಾವು ಅಷ್ಟು ಹೊತ್ತಿಗೆ ಒಮ್ಮೆ ಅತ್ತು ಮುಗಿಸಿದ್ದೆವು.

ನಾನು ಹೆಸರು ಹೇಳಿದೆ. ಸುತ್ತಲಿದ್ದವರೆಲ್ಲ ಅದನ್ನು ಮತ್ತೆ ಮತ್ತೆ ಕೂಗಿದರು, ಸಕ್ಕರೆ ಹಂಚಿದರು. ತಮ್ಮ ಮಾತ್ರ ತೊಟ್ಟಿಲಿನ ಹಗ್ಗ ಹಿಡಿದು ಹಾಗೇ ನಿಂತಿದ್ದ. ಮಗಳ ಕೈ ಅಗಲಿದ್ದನ್ನು ನನಗೆ ತನ್ನ ಕೈ ಅಗಲಿಸಿ ತೋರಿಸಿದ. ಮತ್ತೊಮ್ಮೆ ತೋರಿಸಿದ. ಆಮೇಲೆ ಏನು ಹೇಳಿದೆ ಎಂದು ಕೇಳಿದ. ಅಂಗೈ ಮೇಲೆ ಬೆರಳಿಂದ ಬರೆದು ತೋರಿಸಲು ಅವನ ಕೈ ಹಿಡಿದೆ. ಅವನು ಕೈ ಬಿಡಿಸಿಕೊಂಡ, ತಲೆ ಬಗ್ಗಿಸಿದ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದ.

ಹೆಂಗಸರು ಮತ್ತೆ ಬೆನ್ನಿಗೆ ಗುದ್ದಿದರು. ನಾನು ಅವನ ಕಿವಿಯಲ್ಲಿ ಮಗಳ ಹೆಸರು ಹೇಳಿದೆ. ಉಸಿರು ತಾಗಿ ಕಚಗುಳಿಯಾಗಿರಬೇಕು, ನಕ್ಕ.